ಮಗಳಿಗೆ ವಿಜ್ಞಾನದ ಹುಚ್ಚೇ? ಹೀಗೆ ಮಾಡಿ ನೋಡಿ

"ಅಮ್ಮಾ, ಪಾಠದಲ್ಲಿರೋದೆಲ್ಲ ಓದಿ ಆಯ್ತು. ಇನ್ನೇನಾದ್ರೂ ಮಾಡ್ಬೇಕು ಅನ್ನಿಸ್ತಿದೆ, ಏನ್ ಮಾಡ್ಲಿ?"

ಎರಡು ವರ್ಷದ ಹಿಂದೆ, ಎಂಟನೇ ಕ್ಲಾಸಿನಲ್ಲಿದ್ದ ನಮ್ಮ ಪುಟ್ಟಿ ಹೀಗೆ ಕೇಳಿದಾಗ ನಾನು ರೊಟ್ಟಿ ತಟ್ಟುತ್ತಾ ನಿಂತಿದ್ದೆ. "ಹೋಗಿ ಮುಂದಿನ ಪಾಠ ಓದ್ಕೋ" ಎಂದುಬಿಟ್ಟೆ. ಅವಳ ಮುಖ ಸಪ್ಪಗಾಯ್ತು. ರಾತ್ರಿ ಮಲಗಿದ ಮೇಲೆ ಆ ಮುಖ ಕಣ್ಣಮುಂದೆ ಬಂತು. ಡ್ಯಾನ್ಸ್ ಕಲೀಬೇಕು ಅಂದಿದ್ದರೆ ಎಲ್ಲಿಗೆ ಕಳಿಸಬೇಕು ಅಂತ ಗೊತ್ತಿತ್ತು. ಸಂಗೀತ ಅಂದಿದ್ದರೆ ಹಿಂದಿನ ಬೀದಿಯಲ್ಲೇ ಟೀಚರ್ ಇದ್ದಾರೆ. ಆದರೆ ವಿಜ್ಞಾನ 'ಮಾಡಬೇಕು' ಅಂದರೆ? ಬಿ.ಎ. ಓದಿದ ನನಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ.

ಬಿ.ಎ. ನಾನಾಗಿ ಆರಿಸಿಕೊಂಡಿದ್ದಲ್ಲ, ಅದನ್ನೂ ಹೇಳಿಬಿಡ್ತೀನಿ. ನನ್ನ ತವರು ತುರುವೇಕೆರೆ ಕಡೆಯ ಹಳ್ಳಿ. ಎಸೆಸೆಲ್ಸಿಯಲ್ಲಿ ವಿಜ್ಞಾನಕ್ಕೆ ಒಳ್ಳೆ ಅಂಕ ಬಂದಿತ್ತು. ಪಿಯುಸಿಗೆ ಸೈನ್ಸ್ ತಗೊಂಡರೆ ಪ್ರಾಕ್ಟಿಕಲ್ಸ್ ಮುಗಿಯುವುದು ಸಂಜೆ ಐದಕ್ಕೆ, ನಮ್ಮೂರಿಗಿದ್ದ ಕೊನೆಯ ಬಸ್ಸು ನಾಲ್ಕೂವರೆಗೆ. "ಹೆಣ್ಣುಹುಡುಗಿ ಕತ್ತಲಲ್ಲಿ ಹೆಂಗೆ ಬರ್ತಾಳೆ" ಅಂದರು ಅಪ್ಪ. ಅಷ್ಟೇ, ಆರ್ಟ್ಸ್ ಆಯ್ತು. ಯಾರ ಮೇಲೂ ಈಗ ಸಿಟ್ಟಿಲ್ಲ. ಆದರೆ ಮಗಳ ವಿಷಯದಲ್ಲಿ ಇನ್ನೊಂದು ನಾಲ್ಕೂವರೆ ಬಸ್ಸು ಅಡ್ಡ ಬರಬಾರದು ಅಂತ ಆ ರಾತ್ರಿ ಅನ್ನಿಸಿತು. ಆಮೇಲೆ ನಾನು ತಿಳಿದುಕೊಂಡದ್ದನ್ನು, ಎಡವಿದ್ದನ್ನೂ ಸೇರಿಸಿ, ನಿಮಗೆ ಹೇಳ್ತೀನಿ. ನಿಮ್ಮ ಮನೆಯಲ್ಲೂ ಇಂಥದೊಂದು ಮಗು ಇದ್ದರೆ ಉಪಯೋಗವಾದೀತು.

ದುಡ್ಡು ಕೊಟ್ಟು ಕಲಿತ ಪಾಠ

ಮೊದಲು ಮಾಡಿದ್ದೇ ತಪ್ಪು ಕೆಲಸ. ಹತ್ತಿರದ ದೊಡ್ಡ ಊರಿನಲ್ಲಿ ಭಾನುವಾರ ರೋಬೋಟಿಕ್ಸ್ ಕ್ಲಾಸ್ ನಡೆಯುತ್ತೆ ಅಂತ ಪಾಂಪ್ಲೆಟ್ ಪೇಪರಿನ ಜೊತೆ ಬಂತು. ಹನ್ನೆರಡು ಭಾನುವಾರಕ್ಕೆ 18,000 ರೂಪಾಯಿ! ನಮ್ಮೆಜಮಾನ್ರು "ಇಷ್ಟಾ?" ಅಂದರು. ಚೀಟಿ ದುಡ್ಡು ಬಂದಿತ್ತು, ನಾನೇ ಹಟ ಹಿಡಿದು ಕಟ್ಟಿದೆ. ಹನ್ನೆರಡು ವಾರ ಬಸ್ಸಿನಲ್ಲಿ ನಾನೇ ಕರೆದುಕೊಂಡು ಹೋಗಿ ಬಂದೆ. ಕೊನೆಯ ದಿನ ದೊಡ್ಡ ಫೋಟೋ, ಮಿನುಗುವ ಸರ್ಟಿಫಿಕೇಟು. ಮನೆಗೆ ಬರುವಾಗ ಬಸ್ಸಿನಲ್ಲಿ ಕೇಳಿದೆ, "ಎಲ್ಲಿ, ನೀನು ಮಾಡಿದ ಕಾರು?"

"ಅದು ಅವರದ್ದೇ ಅಮ್ಮ, ವಾಪಸ್ ತಗೊಂಡ್ರು. ವೈರು ಜೋಡಿಸಿದ್ದೂ ಸರ್ರೇ. ನಾವು ಹತ್ತು ಜನ ಸುತ್ತ ನಿಂತು ನೋಡಿದ್ವಿ. ರಿಮೋಟ್ ಒತ್ತೋಕೆ ಎಲ್ಲರಿಗೂ ಒಂದೊಂದು ಸಲ ಕೊಟ್ರು."

18,000 ರೂಪಾಯಿಗೆ ರಿಮೋಟ್ ಒತ್ತಿದ್ದು! ಎಲ್ಲ ಕ್ಲಾಸುಗಳೂ ಹೀಗೇ ಇರುತ್ತವೆ ಅಂತ ನಾನು ಹೇಳೋದಿಲ್ಲ. ನನ್ನ ತಂಗಿಯ ಮಗ ಹೋಗುವ ಕಡೆ ನಿಜವಾಗಿಯೂ ಚೆನ್ನಾಗಿ ಕಲಿಸ್ತಾರೆ. ಆದರೆ ದುಡ್ಡು ಕಟ್ಟುವ ಮುಂಚೆ ಒಂದು ದಿನ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಸ್ಕ್ರೂಡ್ರೈವರ್ ಯಾರ ಕೈಯಲ್ಲಿದೆ? ಮಗುವಿನ ಕೈಯಲ್ಲೋ, ಮೇಷ್ಟರ ಕೈಯಲ್ಲೋ? ದೀಪ ಹತ್ತದಿದ್ದರೆ ಮೇಷ್ಟರೇ ಬಂದು ಸರಿ ಮಾಡಿಬಿಡ್ತಾರೋ, ಯಾಕೆ ಹತ್ತಲಿಲ್ಲ ಅಂತ ಮಗುವಿನಿಂದಲೇ ಹುಡುಕಿಸ್ತಾರೋ? ಒಂದು ಕಿಟ್ಟಿಗೆ ಎಷ್ಟು ಮಕ್ಕಳು? ಕಿಟ್ಟು ಮನೆಗೆ ಬರುತ್ತಾ? ಮಧ್ಯೆ ಬಿಟ್ಟರೆ ದುಡ್ಡು ವಾಪಸ್ಸಾ? ಇಷ್ಟು ಕೇಳಿದರೆ ಕೆಲವರ ಮುಖ ಗಂಟಾಗುತ್ತೆ. ಅಂಥ ಕಡೆಯಿಂದ ಎದ್ದು ಬನ್ನಿ.

ಶಾಲೆಯ ಬೀಗ ತೆಗೆಸುವ ಬಗೆ

ದುಡ್ಡು ಕೊಡದೆ ಸಿಗುವುದು ಎಷ್ಟಿದೆ ಅಂತ ಗೊತ್ತಾಗಿದ್ದೇ ಆಮೇಲೆ. ನಿಮ್ಮ ಮಗುವಿನ ಶಾಲೆಯಲ್ಲಿ ಅಥವಾ ಪಕ್ಕದ ಶಾಲೆಯಲ್ಲಿ 'ಅಟಲ್ ಟಿಂಕರಿಂಗ್ ಲ್ಯಾಬ್' ಇದೆಯಾ ಅಂತ ಮೊದಲು ವಿಚಾರಿಸಿ. ಕೇಂದ್ರದ ನೀತಿ ಆಯೋಗದ ಅಡಿಯಲ್ಲಿ 2016ರಲ್ಲಿ ಶುರುವಾದ ಯೋಜನೆ ಇದು. ಆಯ್ಕೆಯಾದ ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ದೇಶದಲ್ಲಿ ಹತ್ತು ಸಾವಿರ ಶಾಲೆಗಳಲ್ಲಿ ಆಗಿದೆ. ಸರ್ಕಾರಿ ಶಾಲೆಗಳಲ್ಲಿ ಇನ್ನೂ ಐವತ್ತು ಸಾವಿರ ಮಾಡುತ್ತೇವೆಂದು 2025ರ ಬಜೆಟ್ಟಿನಲ್ಲಿ ಹೇಳಿದ್ದಾರೆ. ಆರನೇ ಕ್ಲಾಸಿನಿಂದ ಪಿಯುಸಿವರೆಗಿನ ಮಕ್ಕಳಿಗೆ. ತ್ರೀಡಿ ಪ್ರಿಂಟರ್, ಸೆನ್ಸರ್, ಆರ್ಡುಯಿನೋ ಬೋರ್ಡು ಎಲ್ಲ ಇರುತ್ತೆ. ಅಕ್ಕಪಕ್ಕದ ಶಾಲೆಯ ಮಕ್ಕಳಿಗೂ ಆಗಾಗ ತೆರೆದಿಡಬೇಕು ಅನ್ನೋದು ಯೋಜನೆಯ ಆಶಯ.

ಪುಟ್ಟಿಯ ಶಾಲೆಯಲ್ಲೂ ಇತ್ತು! ನಮಗೆ ಗೊತ್ತೇ ಇರಲಿಲ್ಲ, ಯಾಕಂದ್ರೆ ಅದಕ್ಕೆ ಸದಾ ಬೀಗ. ಇನ್ಸ್‌ಪೆಕ್ಷನ್ ದಿನ ಮಾತ್ರ ತೆಗೀತಿದ್ದರು. ಪಿಟಿಎ ಮೀಟಿಂಗಿನಲ್ಲಿ ಕೇಳಿದೆ. ವಿಜ್ಞಾನದ ಮೇಡಂ ಒಳ್ಳೆಯವರು, ಮುಚ್ಚುಮರೆ ಮಾಡಲಿಲ್ಲ. "ಏನಾದ್ರೂ ಒಡೆದುಹೋದ್ರೆ ನನ್ನ ತಲೆಗೆ ಬರುತ್ತೆ ಕಣ್ರೀ. ಪಾಠ ಬಿಟ್ಟು ಮಾಡಿಸೋಕೆ ಪೀರಿಯಡ್ಡೇ ಇಲ್ಲ. ನಾಲ್ಕೂವರೆ ಮೇಲೆ ಮಾಡಿಸೋಣ ಅಂದ್ರೆ ಹುಡುಗರು ನಿಲ್ತಾರೆ, ಹುಡುಗಿಯರನ್ನ ನೀವೇ ಮನೆಗೆ ಕರ್ಕೊಂಡು ಹೋಗ್ತೀರ."

ಮತ್ತೆ ಅದೇ ನಾಲ್ಕೂವರೆ! ನಾನು ಒಂದು ಕ್ಷಣ ಸುಮ್ಮನೆ ಕೂತುಬಿಟ್ಟೆ.

ಆಮೇಲೆ ನಾವು ನಾಲ್ಕು ಜನ ತಾಯಂದಿರು ಸೇರಿ ಒಂದು ವ್ಯವಸ್ಥೆ ಮಾಡಿಕೊಂಡೆವು. ಪ್ರತಿ ಬುಧವಾರ ನಾಲ್ಕೂವರೆಯಿಂದ ಆರರವರೆಗೆ ಲ್ಯಾಬು ತೆಗೆಯೋದು. ಸರದಿಯ ಮೇಲೆ ಒಬ್ಬ ತಾಯಿ ಅಲ್ಲೇ ಕೂತಿರೋದು, ಆರು ಗಂಟೆಗೆ ಹುಡುಗಿಯರನ್ನೆಲ್ಲ ಅವರವರ ಮನೆ ಬಾಗಿಲಿಗೆ ಬಿಟ್ಟು ಬರೋದು. ಸಾಮಾನಿನ ಪಟ್ಟಿ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ತೆಗೆದಾಗ ಇಟ್ಟಾಗ ಮಕ್ಕಳೇ ಸಹಿ ಹಾಕೋದು. ಒಡೆದರೆ ಎಲ್ಲ ಸೇರಿ ತಂದುಕೊಡ್ತೀವಿ ಅಂತಲೂ ಹೇಳಿದೆವು. ಹೆಡ್‌ಮಾಸ್ಟರು ಹದಿನೈದು ದಿನ ಯೋಚನೆ ಮಾಡಿ ಒಪ್ಪಿದರು. ಇದುವರೆಗೆ ಒಡೆದದ್ದು ಎರಡು ಎಲ್‌ಇಡಿ ಬಲ್ಬು, ಎರಡಕ್ಕೂ ಸೇರಿ ಹತ್ತು ರೂಪಾಯಿ ಆಗಿರಬಹುದು. ನನ್ನ ಸರದಿಯ ದಿನ ಹುರುಳಿಕಾಯಿ ತಗೊಂಡು ಹೋಗಿ ನಾರು ಬಿಡಿಸ್ತಾ ಕೂರ್ತೀನಿ. ಮೂಲೆಯಲ್ಲಿ ಏನೋ ಪೀಂ ಪೀಂ ಅಂತಿರುತ್ತೆ. ಬ್ರೆಡ್‌ಬೋರ್ಡ್ ಅಂದರೆ ಬ್ರೆಡ್ ಅಲ್ಲ ಅನ್ನೋದಾದರೂ ನನಗೆ ಗೊತ್ತಾಯ್ತು!

ನಿಮ್ಮ ಶಾಲೆಯಲ್ಲಿ ಇಂಥ ಲ್ಯಾಬು ಇಲ್ಲದಿದ್ದರೂ ಬೇಜಾರು ಬೇಡ. ಹಳೇ ಸೈಕಲ್ ಟ್ಯೂಬು, ಬೆಂಕಿಕಡ್ಡಿ, ಪೆನ್ನಿನ ರಿಫಿಲ್ಲು, ಸ್ಟ್ರಾ ಇಂಥದ್ದರಲ್ಲೇ ವಿಜ್ಞಾನದ ಆಟಿಕೆ ಮಾಡಿ ತೋರಿಸುವ ಅರವಿಂದ ಗುಪ್ತ ಅವರ ಹೆಸರು ಕೇಳಿರಬಹುದು. 2018ರಲ್ಲಿ ಪದ್ಮಶ್ರೀ ಬಂತು ಅವರಿಗೆ. ಅವರ ವೆಬ್‌ಸೈಟಿನಲ್ಲಿ ಪುಸ್ತಕ, ವೀಡಿಯೋ ಎಲ್ಲ ಉಚಿತ, ಕನ್ನಡದಲ್ಲೂ ಸಿಗುತ್ತವೆ. ಒಂದು ಮಳೆಗಾಲದ ರಜೆ ಪೂರ್ತಿ ನಮ್ಮನೆ ಜಗುಲಿ ತುಂಬಾ ರಬ್ಬರ್ ಬ್ಯಾಂಡು.

ಅರ್ಜಿ ಹಾಕುವುದು ಯಾವುದಕ್ಕೆ?

'ಇನ್‌ಸ್ಪೈರ್ ಮಾನಕ್' ಅಂತ ಒಂದಿದೆ. ಮಗು ತನ್ನ ಸುತ್ತಮುತ್ತಲಿನ ಒಂದು ತೊಂದರೆಗೆ ಹೊಸದೊಂದು ಉಪಾಯ ಯೋಚಿಸಿ ಬರೆಯಬೇಕು. ಶಾಲೆಯವರು ಆನ್‌ಲೈನಿನಲ್ಲಿ ಕಳಿಸಬೇಕು, ಪೋಷಕರು ನೇರವಾಗಿ ಕಳಿಸುವ ಹಾಗಿಲ್ಲ. ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಮಗುವಿನ ಬ್ಯಾಂಕ್ ಖಾತೆಗೇ ಬರುತ್ತೆ. ಖಾತೆ ಮಗುವಿನ ಹೆಸರಿನಲ್ಲಿ ಇರಬೇಕು, ಈಗಲೇ ಮಾಡಿಸಿಡಿ. ಕೊನೆ ದಿನ ಆಧಾರ್ ಹೆಸರಿಗೂ ಶಾಲೆಯ ಹೆಸರಿಗೂ ಇನಿಷಿಯಲ್ ಹೊಂದಲಿಲ್ಲ ಅಂತ ಓಡಾಡಿದವಳು ನಾನು. ಒಂದು ಶಾಲೆಯಿಂದ ಇಂತಿಷ್ಟೇ ಮಕ್ಕಳ ಐಡಿಯಾ ಹೋಗೋದರಿಂದ ಶಾಲೆ ಶುರುವಾದ ತಿಂಗಳಲ್ಲೇ ಮೇಡಂ ಕಿವಿಗೆ ಹಾಕಿಟ್ಟಿರಬೇಕು.

ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇಸ್ರೋದವರ 'ಯುವಿಕಾ' ಇದೆ. 2019ರಲ್ಲಿ ಶುರುವಾಗಿದ್ದು. ಬೇಸಿಗೆಯಲ್ಲಿ ಎರಡು ವಾರದ ಮಟ್ಟಿಗೆ ಮಕ್ಕಳನ್ನು ಇಸ್ರೋ ಕೇಂದ್ರಗಳಲ್ಲೇ ಇಟ್ಟುಕೊಂಡು ಕಲಿಸ್ತಾರೆ. ಊಟ, ವಸತಿ, ಮಗುವಿನ ಪ್ರಯಾಣದ ಖರ್ಚು ಅವರದ್ದೇ. ಎಂಟನೇ ಕ್ಲಾಸಿನ ಅಂಕ, ಆನ್‌ಲೈನ್ ಕ್ವಿಜ್ಜು, ವಿಜ್ಞಾನ ಮೇಳದಲ್ಲಿ ಭಾಗವಹಿಸಿದ್ದು, ಸ್ಕೌಟು-ಎನ್‌ಸಿಸಿ ಎಲ್ಲ ಲೆಕ್ಕಕ್ಕೆ ಬರುತ್ತೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಶಾಲೆಯ ಮಕ್ಕಳಿಗೆ ಹೆಚ್ಚುವರಿ ಅಂಕ ಉಂಟು. ಹಳ್ಳಿ ಶಾಲೆ ಅಂತ ಹಿಂಜರಿಯುವವರು ಇದನ್ನು ಗಮನಿಸಿ. ವರ್ಷದ ಮೊದಲ ತಿಂಗಳುಗಳಲ್ಲಿ ಇಸ್ರೋ ವೆಬ್‌ಸೈಟ್ ನೋಡ್ತಾ ಇರಿ. ಪುಟ್ಟಿ ಹಾಕಿದಳು, ಸಿಗಲಿಲ್ಲ.

ಹೆಣ್ಣುಮಕ್ಕಳಿಗೇ ಅಂತ ಇರುವುದು 'ವಿಜ್ಞಾನ ಜ್ಯೋತಿ'. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2019ರಲ್ಲಿ ಶುರುಮಾಡಿದ್ದು. ಒಂಬತ್ತರಿಂದ ಹನ್ನೆರಡನೇ ಕ್ಲಾಸಿನ ಹುಡುಗಿಯರಿಗೆ, ಆಯ್ದ ಜಿಲ್ಲೆಗಳ ಜವಾಹರ ನವೋದಯ ವಿದ್ಯಾಲಯಗಳ ಮೂಲಕ ನಡೆಸಲು ರೂಪಿಸಿದ ಯೋಜನೆ. ನಿಮ್ಮ ಜಿಲ್ಲೆಯಲ್ಲಿದೆಯಾ ಅಂತ ನವೋದಯಕ್ಕೇ ಹೋಗಿ ಕೇಳಿ.

ಲೆಕ್ಕ, ವಿಜ್ಞಾನದಲ್ಲಿ ತುಂಬಾ ಚುರುಕಾದ ಮಕ್ಕಳಿಗೆ ಒಲಿಂಪಿಯಾಡ್ ಇದೆ. ಹೆಸರಿನಲ್ಲಿ ಒಲಿಂಪಿಯಾಡ್ ಅಂತಿರುವ ಎಷ್ಟೋ ಪರೀಕ್ಷೆಗಳಿಗೆ ಶಾಲೆಯಲ್ಲೇ ದುಡ್ಡು ಕಟ್ಟಿಸಿಕೊಳ್ತಾರೆ, ಪದಕವನ್ನೂ ಕೊಡ್ತಾರೆ. ದೇಶದ ತಂಡ ಆರಿಸುವ ಒಲಿಂಪಿಯಾಡ್ ಬೇರೆ. ಅದರ ಮುಂದಿನ ಹಂತಗಳನ್ನು ನೋಡಿಕೊಳ್ಳುವುದು ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ. ವಿಜ್ಞಾನ ವಿಷಯಗಳ ಮೊದಲ ಹಂತದ ಪರೀಕ್ಷೆಯನ್ನು ಭೌತಶಾಸ್ತ್ರ ಅಧ್ಯಾಪಕರ ಸಂಘದವರು ಸಾಮಾನ್ಯವಾಗಿ ನವೆಂಬರಿನಲ್ಲಿ ನಡೆಸ್ತಾರೆ, ಹತ್ತನೇ ಕ್ಲಾಸಿನವರೆಗಿನ ಮಕ್ಕಳಿಗೆ ಜೂನಿಯರ್ ವಿಭಾಗ ಇದೆ. ಬಹಳ ಕಷ್ಟ. ಹಳೇ ಪ್ರಶ್ನೆಪತ್ರಿಕೆಗಳು ಭಾಭಾ ಕೇಂದ್ರದ ವೆಬ್‌ಸೈಟಿನಲ್ಲಿ ಪುಕ್ಕಟೆ ಇವೆ. ಒಂದನ್ನು ಪ್ರಿಂಟ್ ತೆಗೆಸಿ ಮಗುವಿಗೆ ಕೊಟ್ಟು ನೋಡಿ. ಖುಷಿಯಿಂದ ತಲೆ ಕೆರೆದುಕೊಂಡು ಕೂತರೆ ಮುಂದುವರಿಸಿ. ಪುಟ್ಟಿ ಅರ್ಧ ಗಂಟೆಗೆ "ಇದು ನಂಗೆ ಬೇಡಮ್ಮ" ಎಂದಳು, ಬಿಟ್ಟೆವು.

ಒಂದು ಎಚ್ಚರಿಕೆ: "ನಮ್ಮ ಅಣ್ಣನ ಮಗ ಕೆವಿಪಿವೈ ಬರೆದಿದ್ದ, ನಿಮ್ಮವಳಿಗೂ ಕಟ್ಟಿಸಿ, ಎನ್‌ಟಿಎಸ್‌ಇ ಕೋಚಿಂಗಿಗೆ ಹಾಕಿ" ಅಂತ ಮದುವೆ ಮನೆಗಳಲ್ಲಿ ಸಲಹೆ ಕೊಡುವವರು ಇನ್ನೂ ಇದ್ದಾರೆ. ಕೆವಿಪಿವೈ 2022ರಲ್ಲೇ ನಿಂತಿದೆ. ಎನ್‌ಟಿಎಸ್‌ಇ 2021ರಲ್ಲಿ ತಡೆಹಿಡಿದದ್ದು. ಇವುಗಳ ಹೆಸರು ಹೇಳಿ ಯಾರಾದರೂ ಕೋಚಿಂಗ್ ಫೀ ಕೇಳಿದರೆ ಚೆಕ್ ಬರೆಯುವ ಮುಂಚೆ ಅಧಿಕೃತ ವೆಬ್‌ಸೈಟ್ ನೋಡಿ.

ಊರು ಬಿಟ್ಟು ಒಂದು ದಿನ

ವರ್ಷಕ್ಕೊಂದು ಸಲ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅದೇ ಟಾಟಾ ಇನ್‌ಸ್ಟಿಟ್ಯೂಟ್, ಎಲ್ಲರಿಗೂ ಬಾಗಿಲು ತೆರೆಯುತ್ತೆ. ಸಾಮಾನ್ಯವಾಗಿ ಫೆಬ್ರವರಿ ಕೊನೆ ಅಥವಾ ಮಾರ್ಚಿನಲ್ಲಿ ಒಂದು ಶನಿವಾರ. ಪ್ರವೇಶ ಉಚಿತ. ಯಶವಂತಪುರದಲ್ಲಿ ರೈಲು ಇಳಿದರೆ ಹತ್ತಿರ. ನಾವು ಚಿತ್ರಾನ್ನ ಕಟ್ಟಿಕೊಂಡು ಬೆಳಗಿನ ರೈಲಿಗೆ ಹೋದೆವು. ಜನವೋ ಜನ. ಎಲ್ಲ ವಿಭಾಗ ನೋಡ್ತೀನಿ ಅಂತ ಹೊರಟರೆ ಕಾಲು ನೋವು ಬಿಟ್ಟು ಬೇರೇನೂ ಸಿಗಲ್ಲ, ಎರಡೋ ಮೂರೋ ಸಾಕು. ಅಲ್ಲಿ ಒಬ್ಬ ಹುಡುಗಿ, ಹಾಸನದ ಕಡೆಯವಳಂತೆ, ಪಿಎಚ್‌ಡಿ ಮಾಡ್ತಿದ್ದಾಳೆ, ಇರುವೆಗಳ ಬಗ್ಗೆ ಅಚ್ಚ ಕನ್ನಡದಲ್ಲಿ ಇಪ್ಪತ್ತು ನಿಮಿಷ ವಿವರಿಸಿದಳು. ಪುಟ್ಟಿ ಬಾಯಿ ತೆರೆದುಕೊಂಡು ಕೇಳಿದಳು. ನನಗೆ ಇರುವೆಗಿಂತ ಆ ಹುಡುಗಿಯೇ ಮನಸ್ಸಿನಲ್ಲಿ ಉಳಿದಳು.

ಬೆಂಗಳೂರಿಗೇ ಬರಬೇಕಂತಿಲ್ಲ. ಮಂಗಳೂರಿನ ಪಿಲಿಕುಳದಲ್ಲಿ, ಧಾರವಾಡದಲ್ಲಿ, ಕಲಬುರಗಿಯಲ್ಲಿ ವಿಜ್ಞಾನ ಕೇಂದ್ರಗಳಿವೆ. ಪಿಲಿಕುಳದ ತಾರಾಲಯ 2018ರಲ್ಲಿ ಶುರುವಾಗಿದ್ದು, ತ್ರೀಡಿಯಲ್ಲಿ ಆಕಾಶ ತೋರಿಸ್ತಾರೆ. ಬೆಂಗಳೂರಿನಲ್ಲಿ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ 1962ರದ್ದು, ನೆಹರು ತಾರಾಲಯ 1989ರದ್ದು. ತಾರಾಲಯದಲ್ಲಿ ಶೋ ಮಾತ್ರ ಅಲ್ಲ, ಶಾಲಾ ಮಕ್ಕಳಿಗೆ ವಿಜ್ಞಾನದ ತರಗತಿ, ಬೇಸಿಗೆ ಶಿಬಿರಗಳನ್ನೂ ನಡೆಸಿಕೊಂಡು ಬಂದಿದ್ದಾರೆ. ಫೋನ್ ಮಾಡಿ ವಿಚಾರಿಸಿ ಹೋಗಿ.

ಕದಲಲಾಗದ ಮನೆಯವರೂ ಇರ್ತಾರೆ, ಹಸು-ಕರು, ವಯಸ್ಸಾದವರು ಅಂತ. ಅವರಿಗೆ 'ಸೀಸನ್‌ವಾಚ್' ಹೇಳಿ ಮಾಡಿಸಿದ್ದು. ಮನೆ ಮುಂದಿನ ಒಂದು ಮರವನ್ನು, ಹೊಂಗೆಯೋ ಹುಣಸೆಯೋ ಮಾವೋ, ವಾರಕ್ಕೊಮ್ಮೆ ನೋಡಿ ಚಿಗುರು, ಹೂವು, ಕಾಯಿ ಎಷ್ಟಿದೆ ಅಂತ ದಾಖಲಿಸೋದು. ದೇಶದಾದ್ಯಂತ ಮಕ್ಕಳು ಕಳಿಸುವ ಈ ಲೆಕ್ಕವನ್ನು ವಿಜ್ಞಾನಿಗಳು ಬಳಸಿಕೊಳ್ತಾರೆ. ಹಾಗೇ ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಹಿತ್ತಲ ಹಕ್ಕಿಗಳ ಎಣಿಕೆ ಇರುತ್ತೆ. ಹದಿನೈದು ನಿಮಿಷ ಕೂತು ಕಂಡ ಹಕ್ಕಿ ಎಣಿಸಿದರೆ ಸಾಕು. ಇವೆರಡಕ್ಕೂ ಒಂದು ಪೈಸೆ ಖರ್ಚಿಲ್ಲ.

ಅಟ್ಟದ ಮೇಲಿನ ಲ್ಯಾಬು

ಇಷ್ಟೆಲ್ಲ ಹೇಳಿದೆ, ಆದರೆ ನಮ್ಮ ಪುಟ್ಟಿಗೆ ನಿಜವಾಗಿ ಹಿಡಿಸಿದ್ದು ಮನೆಯೊಳಗೇ ಇತ್ತು. ಹೋದ ವರ್ಷ ವಿಜ್ಞಾನ ಪ್ರಾಜೆಕ್ಟಿಗೆ ವಿಷಯ ಬೇಕಾಗಿತ್ತು. ಜೊತೆಗಾತಿಯೊಬ್ಬಳ ಜೊತೆ ಸೇರಿ ಜ್ವಾಲಾಮುಖಿ ಮಾಡೋಣ ಅಂತಿದ್ದಳು, ಥರ್ಮೋಕೋಲು, ಅಡಿಗೆ ಸೋಡಾ, ವಿನಿಗರ್. ಮೇಡಂ, "ಜ್ವಾಲಾಮುಖಿ ನಿಮ್ಮೂರಲ್ಲಿದೆಯಾ?" ಅಂತ ಕೇಳಿ ವಾಪಸ್ ಕಳಿಸಿದರು. 1993ರಿಂದ ನಡೆದುಬಂದ ಮಕ್ಕಳ ವಿಜ್ಞಾನ ಸಮಾವೇಶದಲ್ಲೂ ಇದೇ ನಿಯಮವಂತೆ, ಸ್ಥಳೀಯ ಸಮಸ್ಯೆ ಇರಬೇಕು, ಮಕ್ಕಳೇ ಅಳೆದು ಬರೆದ ದಿನಚರಿ ಇರಬೇಕು. (ಆಯಾ ವರ್ಷ ಯಾವಾಗ, ಹೇಗೆ ಅನ್ನೋದನ್ನು ಶಾಲೆಯಲ್ಲೇ ಕೇಳಿಕೊಳ್ಳಿ.)

ನಮ್ಮೂರು ತಿಪಟೂರು. ಇಲ್ಲಿ ಸ್ಥಳೀಯ ಅಂದರೆ ಇನ್ನೇನು, ಕೊಬ್ಬರಿ! ಉಂಡೆ ಕೊಬ್ಬರಿ ಆಗಬೇಕಾದರೆ ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡಬೇಕು. ಒಳಗಿನ ನೀರೆಲ್ಲ ಆರಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತೆ. ಕಾಯಿ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಸದ್ದು ಕೇಳಿಯೇ ನಮ್ಮ ಅತ್ತೆ "ಇದಿನ್ನೂ ಎರಡು ತಿಂಗಳು ಬೇಕು" ಅಂತಾರೆ. "ಅಜ್ಜಿ ಹೇಳೋದು ಎಷ್ಟು ಸರಿ ಇರುತ್ತೆ, ತೂಕ ಮಾಡಿ ನೋಡೋಣ" ಅಂದಳು ಪುಟ್ಟಿ.

ಹತ್ತು ಕಾಯಿ ಹಂಡೆ ಒಲೆಯ ಮೇಲಿನ ಅಟ್ಟಕ್ಕೆ, ಹತ್ತು ಕಾಯಿ ಕೊಟ್ಟಿಗೆ ಅಟ್ಟಕ್ಕೆ. ಎಲ್ಲದರ ಮೇಲೂ ಪೇಂಟಿನಲ್ಲಿ ನಂಬರು. ಪ್ರತಿ ಭಾನುವಾರ ಅಡಿಗೆಮನೆ ತಕ್ಕಡಿಯಲ್ಲಿ ತೂಕ, ಅಜ್ಜಿಯ ಕೈಯಲ್ಲಿ ಸದ್ದಿನ ಪರೀಕ್ಷೆ. ಮೊದಮೊದಲು ಅತ್ತೆಗೆ ಕಿರಿಕಿರಿ. "ಹೆಣ್ಣುಹುಡುಗಿ ಅಟ್ಟ ಹತ್ತಿ ಇಳಿಯೋದೇನು, ಬಿದ್ದು ಕೈಕಾಲು ಮುರ್ಕೊಂಡ್ರೆ?" ಎರಡು ತಿಂಗಳಾದ ಮೇಲೆ ಭಾನುವಾರ ಬೆಳಿಗ್ಗೆ ಅವರೇ, "ಏಳೇ, ತೂಕ ಹಾಕಲ್ವೇನೇ?" ಅಂತ ಎಬ್ಬಿಸ್ತಿದ್ದರು. ಐದು ತಿಂಗಳಲ್ಲಿ ಒಲೆ ಅಟ್ಟದ ಕಾಯಿಗಳು ಕೊಟ್ಟಿಗೆಯವಕ್ಕಿಂತ ಬೇಗ ಹಗುರಾದವು. ಗ್ರಾಫ್ ಹಾಳೆಯಲ್ಲಿ ಎರಡು ಗೆರೆ ದೂರ ದೂರ ಸರಿಯುವುದನ್ನು ನೋಡಿ ನನಗೇ ಮೈ ಜುಂ ಅಂತು.

ಪ್ರದರ್ಶನದ ದಿನ ತೀರ್ಪುಗಾರರು, ವಯಸ್ಸಾದ ಒಬ್ಬ ಮೇಷ್ಟರು, ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರಂತೆ. "ತೂಕ ಇಳಿದದ್ದು ಒಳಗಿನ ನೀರು ಆರಿದ್ದಕ್ಕೋ, ಮೇಲಿನ ಮಟ್ಟೆ ಒಣಗಿದ್ದಕ್ಕೋ?" ಇಬ್ಬರು ಹುಡುಗಿಯರೂ ಮುಖ ಮುಖ ನೋಡಿಕೊಂಡರು. ಗೊತ್ತಿಲ್ಲ ಸರ್ ಅಂದರು. ಬಹುಮಾನ ಬರಲಿಲ್ಲ. ಮೊದಲನೇ ಬಹುಮಾನ ಹೋಗಿದ್ದು ಒಂದು ದೊಡ್ಡ, ಬಣ್ಣಬಣ್ಣದ, ಯಾರೋ ದುಡ್ಡು ಕೊಟ್ಟು ಮಾಡಿಸಿದಂತಿದ್ದ ಮಾಡೆಲ್ಲಿಗೆ. ಅಮ್ಮನಾದವಳಿಗೆ ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳಲಿ?

ಮನೆಗೆ ಬಂದು ಅವಳು ಅಳ್ತಾಳೆ ಅಂತ ನಾನು ಕಾದೆ. ಅವಳು ಸೀದಾ ಅಜ್ಜಿ ಹತ್ತಿರ ಹೋಗಿ ಕೂತಳು. ಮಟ್ಟೆ, ಚಿಪ್ಪು, ತಿರುಳು, ನೀರು ಬೇರೆ ಬೇರೆ ತೂಕ ಮಾಡಬೇಕಾದರೆ ಕಾಯಿ ಒಡೆಯಲೇಬೇಕು. ಒಂದೇ ಮರದ, ಒಂದೇ ಕೊಯ್ಲಿನ ಕಾಯಿ ಹನ್ನೆರಡು ಬೇಕು, ತಿಂಗಳಿಗೊಂದು ಒಡೆಯೋದು ಅಂತ ಲೆಕ್ಕ ಹಾಕಿಕೊಂಡಿದ್ದಳು.

ಈಗ ಅವಳದ್ದು ಎಸೆಸೆಲ್ಸಿ ವರ್ಷ. "ಇದನ್ನೆಲ್ಲ ನಿಲ್ಲಿಸಿ ಓದೋಕೆ ಹಾಕಿ" ಅಂತ ಹೇಳದವರಿಲ್ಲ. ನಮ್ಮೆಜಮಾನ್ರಿಗೂ ಒಳಗೊಳಗೇ ಅದೇ ಇದೆ. ಬುಧವಾರದ ಲ್ಯಾಬು ಬಿಟ್ಟಿದ್ದಾಳೆ, ಅದು ಒಪ್ಪಂದ. ಭಾನುವಾರ ಒಂದು ಗಂಟೆ ಮಾತ್ರ ಅಟ್ಟಕ್ಕೆ. ಟಿವಿಗಾಗಲಿ ಮೊಬೈಲಿಗಾಗಲಿ ಆ ಒಂದು ಗಂಟೆ ಹೋದರೆ ಯಾರೂ ಕೇಳ್ತಿರಲಿಲ್ಲ ಅಂತ ನಾನು ಸುಮ್ಮನಿದ್ದೀನಿ. ಪಿಯುಸಿಗೆ ಸೈನ್ಸ್ ಅಂತ ಆಗಲೇ ಹೇಳಿದ್ದಾಳೆ. ಕಾಲೇಜು ಬಿಡುವ ಹೊತ್ತು, ಬಸ್ಸಿನ ಹೊತ್ತು ನಾನು ಈಗಲೇ ಬರೆದಿಟ್ಟುಕೊಂಡಿದ್ದೀನಿ.

ಕಾಯಿ ಕೊಡೋಕೆ ಅತ್ತೆ ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ. ತೂಕ ಹಾಕಿ ಆದಮೇಲೆ ತಿರುಳು ಅಡಿಗೆಮನೆಗೆ ಬರಬೇಕು. ಹಾಗಾಗಿ ತಿಂಗಳ ಮೊದಲ ಭಾನುವಾರ ನಮ್ಮನೆಯಲ್ಲಿ ತಪ್ಪದೆ ಕಾಯಿ ಚಟ್ನಿ.